ಕಂದನ ಬಾಯಲ್ಲಿ ಹಲ್ಲಿನ ಸೆಟ್ಟು

ಹಲ್ಲಿನ ಸೆಟ್ಟನ್ನು ಒಣಗಲೆಂದು ಕಿಟಕಿಯ ಕಟ್ಟೆಯ ಮೇಲಿಟ್ಟು ಮೇಸ್ತ್ರಿ ಕೈ ತೊಳೆಯಲು ಹೋದದ್ದೇ ತಪ್ಪಾಯಿತು. ವಾಪಸು ಬರುವಷ್ಟರಲ್ಲಿ ಕಟ್ಟೆ ಖಾಲಿ. ಮಂಚದ ಕೆಳಗೆ ಕಂದ ಮಲಗಿದ್ದ. ಬಾಯಲ್ಲಿ ಎರಡೆರಡು ಸಾಲು ಹಲ್ಲು. ಒಂದು ದೇವರು ಕೊಟ್ಟದ್ದು, ಇನ್ನೊಂದು ಮೇಸ್ತ್ರಿ ಮಾಡಿದ್ದು.

ಕಂದ ಎಂದರೆ ಹೆಂಡತಿ ಸಾಕಿದ ನಾಯಿ. ಹೆಸರು ಕಂದ, ಗಾತ್ರ ಕರುವಿನದು. ಅದು ಆಕಳಿಸಿದರೂ ಮೇಸ್ತ್ರಿಯ ಜೀವ ಬಾಯಿಗೆ ಬರುತ್ತಿತ್ತು. ಮನೆಯಲ್ಲೇ ಕೂತು ಕಟ್ಟುಹಲ್ಲು ಮಾಡುವ ಇವನನ್ನು ಬೀದಿಯವರೆಲ್ಲ ಹಲ್ಲಿನ ಮೇಸ್ತ್ರಿ ಎನ್ನುತ್ತಿದ್ದರು.

ಸೆಟ್ಟು ಹೆಡ್ ಮಿಸ್ಸಿನದು. ನಿವೃತ್ತರಾಗಿ ಹತ್ತು ವರ್ಷವಾದರೂ ಅವರು ಎದುರಾದರೆ ತಲೆ ನರೆತ ಗಂಡಸರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಮೇಸ್ತ್ರಿಯೂ ಅವರ ಬೆತ್ತದ ರುಚಿ ಕಂಡವನೇ. ಮೊದಲು ಮಾಡಿಕೊಟ್ಟ ಎರಡು ಸೆಟ್ಟನ್ನೂ ಚುಚ್ಚುತ್ತದೆಂದು ಮೇಜಿನ ಮೇಲೆ ಕುಕ್ಕಿ ಹೋಗಿದ್ದರು. ಇವನಿಗೆ ಕೆಲಸ ಕೊಡುತ್ತಿದ್ದ ಒಬ್ಬನೇ ಹಲ್ಲಿನ ಡಾಕ್ಟರು ಅವರ ಅಳಿಯ. "ಇದೂ ಸರಿಹೋಗದಿದ್ರೆ ಅಳಿಯಂದಿರಿಗೆ ಬೇರೆಯವರನ್ನ ನೋಡ್ಕೊಳ್ಳಿ ಅಂತೀನಿ," ಎಂದಿದ್ದರು. ಬರುವುದು ನಾಲ್ಕು ಗಂಟೆಗೆ. ಈಗ ಎರಡು.

ಮೇಸ್ತ್ರಿ, ಅಕ್ಕನ ಮನೆಗೆ ಹೋಗಿದ್ದ ಹೆಂಡತಿಗೆ ಫೋನ್ ಮಾಡಿದ.

"ಅವನ ಮೇಲೆ ರೇಗ್ಬೇಡಿ ರೀ, ಹೆದರ್ಕೊಳ್ತಾನೆ."

"ಹೆದರ್ಕೊಂಡಿರೋದು ನಾನು ಕಣೇ!"

"ಆಟದ ಸಾಮಾನು ಹಿಡ್ಕೊಂಡಾಗ 'ಬಿಡು' ಅಂದ್ರೆ ಬಿಡೋದು ಕಲಿಸಿ ಅಂತ ತಿಂಗಳಿಂದ ಬಡ್ಕೊಂಡೆ. ಕೇಳಿದ್ರಾ?"

ಗಲಾಟೆ ಕೇಳಿ ಪಕ್ಕದ ಮನೆಯ ಪೋಸ್ಟ್‌ಮಾಸ್ತರರು ಕಿಟಕಿಯಲ್ಲಿ ಇಣುಕಿದರು. "ಕಣ್ಣಲ್ಲಿ ಕಣ್ಣಿಟ್ಟು ಗದರಿಸ್ರೀ. ನಾಯಿಗೆ ಯಜಮಾನ ಯಾರು ಅಂತ ಗೊತ್ತಾಗ್ಬೇಕು."

ಮೇಸ್ತ್ರಿ ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು, "ಬಿಡು" ಎಂದ. ಕಂದ ಗುರ್ರ್ ಎಂದ. ಯಜಮಾನ ಯಾರೆಂದು ಗೊತ್ತಾಯಿತು. ಮೇಸ್ತ್ರಿ ಮೇಜು ಹತ್ತಿ ನಿಂತಿದ್ದ. "ನಿಮ್ಮ ಕೈಲಾಗಲ್ಲ ಬಿಡಿ," ಎಂದು ಪೋಸ್ಟ್‌ಮಾಸ್ತರರು ಮಧ್ಯಾಹ್ನದ ನಿದ್ದೆಗೆ ಹೊರಟುಹೋದರು. ಕಂದ ಸೆಟ್ಟನ್ನು ಕಚ್ಚಿಕೊಂಡೇ ಹಿತ್ತಲಿಗೆ ಓಡಿ, ಬರಿಬಾಯಲ್ಲಿ ಹಿಂತಿರುಗಿದ. ಎಲ್ಲಿ ಬಚ್ಚಿಟ್ಟನೋ!

ಮಹಡಿ ಮನೆಯ ನರ್ಸಮ್ಮ ಬಿಸ್ಕತ್ತಿನ ಪೊಟ್ಟಣ ಹಿಡಿದೇ ಇಳಿದು ಬಂದರು. "ಕಿತ್ಕೋಬಾರ್ದು, ಬದಲಿಗೆ ಏನಾದ್ರೂ ಕೊಡ್ಬೇಕು. ಮೊದಲು ಅವನ ಚೆಂಡಲ್ಲಿ ಕಲಿಸೋಣ. ಆಮೇಲೆ ಹಲ್ಲು ತಾನಾಗೇ ಬರುತ್ತೆ."

ಮೇಸ್ತ್ರಿ ಚೆಂಡು ಉರುಳಿಸಿದ. ಕಂದ ಕಚ್ಚಿದ. ಮೇಸ್ತ್ರಿ ತನ್ನ ಬೆರಳುಗಳನ್ನೆಲ್ಲ ಕೊನೆಯ ಬಾರಿಗೆಂಬಂತೆ ನೋಡಿಕೊಂಡು ಬಿಸ್ಕತ್ತು ಚಾಚಿ, "ಬಿಡು," ಎಂದ. ಚೆಂಡು ಕೆಳಗೆ ಬಿತ್ತು! ಹತ್ತು ಸಲ ಹೀಗಾಯಿತು. ನರ್ಸಮ್ಮ ಪೊಟ್ಟಣವನ್ನು ಅಲ್ಲೇ ಬಿಟ್ಟು ಡ್ಯೂಟಿಗೆ ಹೋದರು.

ಕಂದ ಮಾತ್ರ ಅಷ್ಟಕ್ಕೇ ನಿಲ್ಲಿಸಲಿಲ್ಲ. ಏನು ತಂದು ಹಾಕಿದರೂ ಬಿಸ್ಕತ್ತು ಸಿಗುತ್ತದೆಂದು ಅವನಿಗೆ ಅರ್ಥವಾಗಿತ್ತು. ಚಪ್ಪಲಿ ತಂದ, ಸೋಪು ತಂದ, ಯಾರದೋ ಒದ್ದೆ ಕಾಲುಚೀಲ ತಂದ. ಪ್ರತಿ ಸಲವೂ ಮೇಸ್ತ್ರಿ ಹಲ್ಲೇ ಬಂತೆಂದು ಎದೆ ಹಿಡಿದುಕೊಂಡು ನೋಡುವನು, ಬಿಸ್ಕತ್ತು ಕೊಡುವನು, ಗಡಿಯಾರ ನೋಡಿ ಬೆವರುವನು. ಕೊಡದಿದ್ದರೆ ಗುರ್ರ್.

ಮೂರು ಐವತ್ತಕ್ಕೆ ಕಂದ ಹಲ್ಲಿನ ಸೆಟ್ಟು ತಂದು ಕಾಲ ಬುಡದಲ್ಲಿ ಹಾಕಿದ. ಮೇಸ್ತ್ರಿಗೆ ಅಳುವೇ ಬಂತು. ನಾಯಿಗೆ ಎರಡು ಬಿಸ್ಕತ್ತು ಕೊಟ್ಟು, ಮಣ್ಣು ಮೆತ್ತಿದ ಸೆಟ್ಟನ್ನು ಅವಸರವಸರವಾಗಿ ತಿಕ್ಕಿ, ಔಷಧದ ನೀರಲ್ಲಿ ಅದ್ದಿ, ಪಾಲಿಶ್ ಉಜ್ಜುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಹೆಡ್ ಮಿಸ್ಸು ಕುರ್ಚಿಯಲ್ಲಿ ಕೂತು ಸೆಟ್ಟು ಹಾಕಿಕೊಂಡರು. ಅವರು ದವಡೆ ಆಡಿಸಿದರು, ಕನ್ನಡಿ ನೋಡಿದರು. ಆಮೇಲೆ, ಆ ಬೀದಿಯಲ್ಲಿ ಯಾರೂ ಕಂಡಿರದ ಹಾಗೆ, ನಕ್ಕರು.

"ಅಳತೆ ತಗೊಂಡು ಮಾಡಿದ್ದೆಲ್ಲ ಚುಚ್ತಿತ್ತು. ಇದು ನೋಡು, ಹೇಳಿ ಮಾಡಿಸಿದ ಹಾಗಿದೆ! ಅಳಿಯಂದಿರಿಗೆ ಹೇಳ್ತೀನಿ."

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಪೋಸ್ಟ್‌ಮಾಸ್ತರರು ಧಡಧಡನೆ ಒಳಗೆ ಬಂದರು. ಕೆನ್ನೆ ಎರಡೂ ಒಳಗೆ ಹೋಗಿದ್ದವು.

"ನನ್ ಹಯ್ಯು!" ಎಂದರು, ಹಲ್ಲಿಲ್ಲದ ಬಾಯಲ್ಲಿ. "ಮಲಗೋವಾಗ ವರಾಂಡದಲ್ಲಿ ಬಟ್ಟಲಲ್ಲಿಟ್ಟಿದ್ದೆ ಕಣ್ರೀ! ಹೋದ್ವರ್ಷ ನೀವೇ ಮಾಡ್ಕೊಟ್ಟ ಹಯ್ಯು!"

ಹಿತ್ತಲಿಂದ ಕಂದ ಬಾಲ ಆಡಿಸುತ್ತ ಬಂದ. ಬಾಯಲ್ಲಿದ್ದ ಸೆಟ್ಟನ್ನು ಮೇಸ್ತ್ರಿಯ ಕಾಲ ಬಳಿ ಹಾಕಿ ಬಿಸ್ಕತ್ತಿಗಾಗಿ ಕೂತ. ಅದು ಬೆಳಗ್ಗೆ ಮಾಡಿದ್ದ ಹೊಸ ಸೆಟ್ಟು. ಮುಂದಿನ ಮೂರು ಹಲ್ಲು ಮಂಗಮಾಯ.

ಮೇಸ್ತ್ರಿ ಅದನ್ನು ನೋಡಿದ. ಪೋಸ್ಟ್‌ಮಾಸ್ತರರ ಬೋಳು ಬಾಯಿ ನೋಡಿದ. ಹೆಡ್ ಮಿಸ್ಸಿನ ಬಾಯಲ್ಲಿ ಹೊಳೆಯುತ್ತಿದ್ದ ಹಲ್ಲು ನೋಡಿದ.

"ಮಿಸ್... ಅದನ್ನ ಒಂದ್ನಿಮಿಷ ತೆಗೆದುಕೊಡ್ತೀರಾ?"

"ಯಾಕೆ? ಮೂರನೇ ಸಲಕ್ಕೆ ಸರಿಯಾಗಿ ಕೂತಿದೆ, ಕೊಡಲ್ಲ," ಎಂದು ಅವರು ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ದುರುಗುಟ್ಟಿ ನೋಡಿದರು.

ಮೇಸ್ತ್ರಿಗೆ ದಿಕ್ಕು ತೋಚಲಿಲ್ಲ. ಪೊಟ್ಟಣದಲ್ಲಿ ಉಳಿದಿದ್ದ ಒಂದೇ ಬಿಸ್ಕತ್ತನ್ನು ತೆಗೆದು, ಅವರ ಮೂಗಿನ ಮುಂದೆ ಹಿಡಿದ.

"ಬಿಡಿ, ಮಿಸ್," ಎಂದ.