ಚಾಳಿನ ಅಂಗಳವನ್ನು ನಾಲ್ಕಾಗಿ ಮಡಚಿದ ಅಧ್ಯಕ್ಷರಿಗೆ

ನಮ್ಮ ಗ್ರಂಥಾಲಯದ ಅಧ್ಯಕ್ಷರೂ ಮಡಿಕೆ ವಿದ್ಯೆಯ ಆಚಾರ್ಯರೂ ಆದ ಮಾನ್ಯ ಧನರಾಜರೇ,

ನಕ್ಷೆ ವಿಭಾಗದ ವಿನೋದಿನಿಯ ಸಾಷ್ಟಾಂಗ ವಂದನೆಗಳು. ಉದ್ದಕ್ಕೆ ಮಲಗುವುದು ತಮ್ಮ ಆಡಳಿತದಲ್ಲಿ ಇನ್ನೂ ಅಪರಾಧವಲ್ಲವೆಂದು ನಂಬಿದ್ದೇನೆ.

ಗ್ರಂಥಾಲಯವನ್ನು ಮುಂಬಯಿಯ ಫೋರ್ಟ್‌ನಿಂದ ಸಾಂತಾಕ್ರೂಜ್‌ಗೆ ಸಾಗಿಸುವಾಗ, ಮಂಚದಗಲದ ಕಟ್ಟಡ ನಕ್ಷೆಗಳು ಮಲಗಿದ್ದ ಚಪ್ಪಟೆ ಡ್ರಾಯರುಗಳು ಹೊಸ ಲಿಫ್ಟಿಗೆ ಹಿಡಿಸವೆಂದು ತಾವು ಅವನ್ನು ಗುಜರಿಗೆ ಕಳಿಸಿ, ನಕ್ಷೆಗಳಿಗೊಂದು ಸ್ಟೀಲ್ ಕಪಾಟು ದಯಪಾಲಿಸಿದಿರಿ. ಹಲಗೆಯ ಮೇಲೆ ಹರಡಿ ಒಯ್ಯೋಣವೆಂದು ನಾನು ಬೇಡಿಕೊಂಡಾಗ, "ಕಾಗದ ಅಲ್ವಾ ಮಾರಾಯ್ತಿ, ನಾಲ್ಕು ಮಡಚಿದ್ರೆ ಟೆಂಪೋದಲ್ಲಿ ಹಿಡಿಸ್ತದೆ" ಎಂದು ಅಪ್ಪಣೆಯಾಯಿತು. ಈ ಊರಿನಲ್ಲಿ ಜಾಗವಿಲ್ಲವೆಂಬುದನ್ನು ಮನುಷ್ಯರಿಗೆ ಲೋಕಲ್ ಟ್ರೇನು ಕಲಿಸಿತ್ತು. ನಕ್ಷೆಗಳಿಗೂ ಕಲಿಸಿದ ಕೀರ್ತಿ ತಮ್ಮದು.

ಮೊದಲ ಟೆಂಪೋದಲ್ಲಿ ಮಡಚಿಸಿಕೊಂಡು ಹೋದದ್ದು ದಾದರ್‌ನ ಕೋಣೆಗೊಂದು ಸಂಸಾರವಿರುವ ಚಾಳೊಂದರ ನೆಲನಕ್ಷೆ. ಅಂಗಳ ಆ ಚಾಳಿಗೆ ಸೇರಿದ್ದೇ ಅಲ್ಲವೆಂದು ಬಿಲ್ಡರನೊಬ್ಬ ಕೋರ್ಟಿನಲ್ಲಿ ಹೇಳುತ್ತಿದ್ದ. ಚಾಳಿನವರ ಪರವಾಗಿ ಬಂದ ಸೋಮವ್ವನೆದುರು ನಕ್ಷೆ ಬಿಚ್ಚಿದರೆ, ಹಳೆಯ ಕಾಗದ ಮಡಿಕೆಗುಂಟ ಬಿರಿದು, ಅಂಗಳದ ಗಡಿಗೆರೆ ಪುಡಿಯಾಗಿ ಆಕೆಯ ಸೆರಗಿನ ಮೇಲೆ ಉದುರಿತು. "ಏನ್ರೀ ಬಾಯಾರ, ನಾವು ಹಪ್ಪಳಾ ಒಣಗಸೂ ಅಂಗಳಾನ ಮಡಚಿ ಮುರದ್ರೇನ್ರೀ?" ಎಂದಳು. ಉತ್ತರವಾಗಿ ನಾನು ತಮ್ಮ ಹೆಸರು ಹೇಳಿದೆ.

ಪುಣ್ಯಕ್ಕೆ ಅದೇ ಚಾಳಿನ ಗಟಾರ ನಕ್ಷೆ ಇನ್ನೂ ಫೋರ್ಟ್‌ನಲ್ಲೇ ತಮ್ಮ ಟೆಂಪೋಗಾಗಿ ಕಾಯುತ್ತಿತ್ತು. ಗಟಾರ ಹಾಯುವುದು ಅಂಗಳದ ಸುತ್ತಲೇ ಆದ್ದರಿಂದ ಗಡಿಯೆಲ್ಲ ಅದರಲ್ಲಿ ಸ್ಪಷ್ಟವಾಗಿತ್ತು. ವಿಚಾರಣೆಯ ದಿನ ಸೋಮವ್ವ ಚಾಳಿನ ಹೆಂಗಸರನ್ನು ಕರೆತಂದಳು. ಕಳಚಿದ ಬಾಗಿಲೊಂದರ ಮೇಲೆ ನಕ್ಷೆ ಮಲಗಿಸಿ, ಸೀರೆ ಹೊದಿಸಿ, ಹೆಗಲ ಮೇಲೆ ಹೊತ್ತು ನಾವು ಕೋರ್ಟಿಗೆ ನಡೆದೆವು. ಹೆಣವೆಂದುಕೊಂಡು ಟ್ಯಾಕ್ಸಿಗಳು ದಾರಿ ಬಿಟ್ಟವು. ನ್ಯಾಯಾಧೀಶರು ಕುರ್ಚಿಯಿಂದಿಳಿದು ನಕ್ಷೆಯ ಸುತ್ತ ನಡೆದು ನೋಡಿ, ಅಂಗಳದಲ್ಲಿ ಯಾರೂ ಇಟ್ಟಿಗೆ ಇಡಕೂಡದೆಂದು ತಡೆಯಾಜ್ಞೆ ಕೊಟ್ಟರು. ಸೋಮವ್ವ ನನ್ನ ಕೈ ಹಿಡಿದುಕೊಂಡು ಅತ್ತಳು, ನಾನೂ ಅತ್ತೆ. ಅನುಮತಿಯಿಲ್ಲದೆ ನಕ್ಷೆ ಹೊರತೆಗೆದದ್ದಕ್ಕಾಗಿ ತಾವು ಕಳಿಸಿದ ಅಮಾನತು ಆದೇಶ ಮರುದಿನ ತಲುಪಿತು. ಅಂದವಾಗಿ ಮಡಚಿದ್ದಿರಿ.

ಆದ್ದರಿಂದ ನಮ್ರ ವಿನಂತಿ: ಇನ್ನು ಮುಂದೆ ಮುಂಬಯಿಯ ಕಟ್ಟಡಗಳನ್ನೆಲ್ಲ ತಮ್ಮ ಕಪಾಟಿನ ಅಳತೆಗೇ ಕಟ್ಟುವಂತೆ ಸರಕಾರಕ್ಕೆ ಬರೆಯಬೇಕು. ಅದು ಕಷ್ಟವೆನಿಸಿದರೆ, ಡ್ರಾಯರುಗಳನ್ನು ಗುಜರಿಯಿಂದ ಬಿಡಿಸಿಕೊಂಡು ಬರಬೇಕು.

ಅಮಾನತಾದರೂ ನೆಟ್ಟಗೆ ನಿಂತಿರುವ,
ತಮ್ಮ ವಿಶ್ವಾಸಿ
ವಿನೋದಿನಿ

ತಾ.ಕ.: ಹೊಸ ಸಭಾಂಗಣಕ್ಕೆಂದು ತಾವು ಬರೆಸಿಕೊಂಡ ತಮ್ಮ ಆಳೆತ್ತರದ ತೈಲಚಿತ್ರ ಬಂದು ಕೆಳಗೆ ನಿಂತಿದೆಯಂತೆ, ಲಿಫ್ಟಿಗೆ ಹಿಡಿಸುತ್ತಿಲ್ಲವಂತೆ. ಮೂಗಿನ ಬಳಿ ಮಡಚಬೇಕೋ ಹೊಟ್ಟೆಯ ಬಳಿಯೋ ಎಂದು ಕೆಲಸದವರು ನನ್ನನ್ನು ಕೇಳಿದರು. ಎರಡೂ ಕಡೆ ಎಂದಿದ್ದೇನೆ.