ತವರಿನ ಸೀರೆಗೆ ಬಿದ್ದ ಲಾಕು

ಚಿತ್ತಾಪುರದ ಅರ್ಧ ಊರಿಗೆ ವೈರು, ಸ್ವಿಚ್ಚು, ಹೋಲ್ಡರು ಮಾರಿದ ಮನುಷ್ಯ ನಾನು. ನನ್ನ ಕಾರಿನ ಲಾಕು ಕೆಟ್ಟರೆ ಮೆಕ್ಯಾನಿಕ್‌ನ ಮುಂದೆ ಕೈಕಟ್ಟಿ ನಿಲ್ಲುವುದೇ? ಛೀ!

ಕೆಟ್ಟಿದ್ದು ಸಣ್ಣದೇ. ರಸ್ತೆಯ ಒಂದು ತಗ್ಗಿಗೆ ಬಾಗಿಲುಗಳೆಲ್ಲ ‘ಟಕ್’ ಎಂದು ತಾವೇ ಲಾಕ್ ಆಗುತ್ತಿದ್ದವು, ಇನ್ನೊಂದು ತಗ್ಗಿಗೆ ತಾವೇ ಬಿಚ್ಚಿಕೊಳ್ಳುತ್ತಿದ್ದವು. ನಮ್ಮ ರಸ್ತೆಯಲ್ಲಿ ಇದು ಅಖಂಡ ಭಜನೆ! ಭಾನುವಾರ ಬಾಗಿಲುಗಳ ಒಳಮೈ ಬಿಚ್ಚಿ, ಹರಿದ ವೈರಿಗೆ ಅಂಗಡಿಯ ವೈರು ಕೂಡಿಸಿ, ಕರಿ ಟೇಪು ಸುತ್ತಿದೆ. ಎಲ್ಲ ಮತ್ತೆ ಜೋಡಿಸಿದ ಮೇಲೆ ಕೆಲವು ಸಣ್ಣ ಸರಳುಗಳು ಉಳಿದವು.

“ಇವು ಎಲ್ಲಿವ್ರಿ?” ಎಂದಳು ಹೆಂಡತಿ ಪ್ರೀತಿ.

“ಕಂಪನಿಯವರು ಹೆಚ್ಚಿಗಿ ಹಾಕಿರ್ತಾರ. ನಾವು ಗಿರಾಕಿಗೆ ಕೊಸರು ಕೊಡಂಗಿಲ್ಲೇನು?”

ತೆರೆದಿಟ್ಟ ಬಾಗಿಲು ಮುಚ್ಚಿ ನೋಡುವ ಮೊದಲೇ, ಮರುದಿನ ಮಳಖೇಡದಿಂದ ಫೋನು. ಪ್ರೀತಿಯ ಸೋದರತ್ತೆ ಅಂಬುಬಾಯಿ ತೀರಿಕೊಂಡಿದ್ದರು. ತಾಯಿಯಿಲ್ಲದ ಇವಳನ್ನು ಸಾಕಿದಾಕೆ. ತವರಿನ ಸೀರೆ ಹೊದಿಸದೆ ಮುತ್ತೈದೆಯ ಹೆಣ ಎತ್ತುವಂತಿಲ್ಲ. ಆ ತವರಿನಲ್ಲಿ ಉಳಿದವಳು ಪ್ರೀತಿಯೊಬ್ಬಳೇ. ಹಸಿರು ಸೀರೆಯನ್ನು ಉಡಿಯಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಮಾತಿಲ್ಲದೆ ಕೂತಿದ್ದಳು. ಬಾಗಿಲುಗಳೂ ಮಾತಾಡಲಿಲ್ಲ. ನಾನು ಒಳಗೊಳಗೇ ಬೀಗಿದೆ.

ಅತ್ತೆಯ ಮನೆಯ ಮುಂದೆ ಕಾರು ನಿಂತಿತು. ಟಕ್! ಹಿಂದೆಯೇ ಸುಟ್ಟ ವಾಸನೆ. ಗಾಜು ಇಳಿಸುವ ಗುಂಡಿಯೂ ಸತ್ತಿತ್ತು. ಹಿಡಿಕೆ ಎಳೆದರೆ ಸಡಿಲವಾಗಿ ಕೈಗೇ ಬಂತು. ಉಳಿದ ಆ ಸರಳುಗಳು ಕೊಸರಲ್ಲ, ಹಿಡಿಕೆಯನ್ನು ಲಾಕಿಗೆ ಕೂಡಿಸುವವು ಎಂದು ಆಗ ತಿಳಿಯಿತು. ಹೊರಗಿನವರು ಎಳೆದರೂ ಅಷ್ಟೇ.

“ಬಾಗ್ಲಾ ತಗೀರಿ.”

“ತಗ್ಯಾಕತ್ತೀನಿ.”

“ಏನ್ ತಗ್ಯಾಕತ್ತೀರಿ? ಅಲ್ಲಿ ನಮ್ಮತ್ತೀನ ಎತ್ತಾಕ ತಯಾರಾಗ್ಯಾರ!”

ಹೆಣ ನೋಡಲು ಬಂದವರೆಲ್ಲ ನಮ್ಮನ್ನು ನೋಡಲು ಬಂದರು. ಒಬ್ಬ ಮುದುಕಿ ಗಾಜಿಗೆ ಮೂಗು ಒತ್ತಿ, “ಪಾಪ, ಉಸರಾಡಾಕತ್ತಾರ,” ಎಂದಳು. ಪ್ರೀತಿ ಸೀರೆಯನ್ನು ಗಾಜಿಗೆ ಹಿಡಿದು ಅತ್ತಳು. ಬಿಸಿಲು ಏರುತ್ತಿತ್ತು. ಕೊನೆಗೆ ಚಟ್ಟವನ್ನೇ ಕಾರಿನ ಪಕ್ಕಕ್ಕೆ ತಂದಿಟ್ಟು, ಅದನ್ನು ಕಟ್ಟಿ ಮಿಕ್ಕಿದ್ದ ಬಿದಿರಿನಿಂದ ಅವಳ ಕಡೆಯ ಗಾಜು ಒಡೆದರು. ಪ್ರೀತಿ ತೂರಿ ಹೊರಬಂದು, ಅತ್ತೆಗೆ ಸೀರೆ ಹೊದಿಸಿ, ಕೆನ್ನೆ ಮುಟ್ಟಿದಳು. ನನ್ನತ್ತ ತಿರುಗಿಯೂ ನೋಡಲಿಲ್ಲ.

ನಾನೂ ತೂರಿದೆ. ಅಂಗಡಿಯ ಗಲ್ಲೆಯ ಮೇಲೆ ಕೂತು ಬೆಳೆಸಿದ ಹೊಟ್ಟೆ ಕಿಟಕಿಯಲ್ಲೇ ಸಿಕ್ಕಿಕೊಂಡಿತು.

ಅತ್ತೆಯ ಗಂಡ ಅಯ್ಯಪ್ಪ ಮಾವ ಕಣ್ಣೊರೆಸಿಕೊಳ್ಳುತ್ತ ಬಂದು ಬಗ್ಗಿದರು.

“ಅಳಿಯಾರ, ಸತ್ತಾಕೇ ಮನಿ ಬಿಟ್ಟು ಹೊರಗ ಬಂದಾಳ. ಬದುಕಿದವರು, ನೀವ್ಯಾವಾಗ ಬರ್ತೀರಿ?”

ಹೆಣ ಎತ್ತಿದರು. ಹೆಣದ ಮೇಲೆ ಚೆಲ್ಲಿದ ಚುರಮುರಿಯಲ್ಲಿ ಅರ್ಧ ನನ್ನ ತಲೆಯ ಮೇಲೆ ಬಿತ್ತು.