ನಾಳೆಯಿಂದ ಬರಬೇಡ

ಕೊಪ್ಪದಲ್ಲಿ ವಕೀಲಿ ಮಾಡುವ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ಮಾತು 'ನಾಳೆಯಿಂದ ಬರಬೇಡ'. ಧಣಿಗಳು ಸಿಟ್ಟಿನಲ್ಲಿ ಮೊದಲು ಅದನ್ನು ಹೇಳಿಬಿಡುತ್ತಾರೆ, ಕಾರಣ ಹುಡುಕುವುದು ಆಮೇಲೆ. ನಗೆಪಾಟಲಾಗುವುದು ಅಲ್ಲೇ.

ಕಂಡದ್ದು ಹೇಳಿದ ಭಟ್ಟರು

ಶೃಂಗೇರಿಯ ಹೋಟೆಲೊಂದರ ಅಡುಗೆ ಭಟ್ಟರು. ಯಜಮಾನರ ಭಾವಮೈದ ಯಾರಿಗೋ ಹೊಡೆದದ್ದನ್ನು ಕಣ್ಣಾರೆ ನೋಡಿದ್ದರು. ಕೋರ್ಟಿನಲ್ಲಿ ಕಂಡಂತೆ ಹೇಳಿದರು. ಮರುದಿನವೇ ಕೆಲಸ ಹೋಯಿತು.

ಲೇಬರ್ ಆಫೀಸರ್ ಮುಂದೆ ಯಜಮಾನರು, "ಅಡುಗೆ ರುಚಿ ಇರಲಿಲ್ಲ ಸಾರ್, ಅದಕ್ಕೇ ಬಿಡಿಸಿದೆ" ಎಂದರು.

"ಸಾಕ್ಷಿ ಹೇಳಿದ್ದಕ್ಕಲ್ವಾ?" ಎಂದೆ ಭಟ್ಟರ ಪರ ಹೋಗಿದ್ದ ನಾನು.

"ಛೇ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾನು ಹೇಳಿಕೊಟ್ಟ ಹಾಗೆ ಹೇಳಿದ್ದಿದ್ರೆ ಇದೇ ಅಡುಗೆಯನ್ನ ಇನ್ನೂ ಹತ್ತು ವರ್ಷ ತಿಂತಿದ್ದೆ!"

ಆಫೀಸರಿಗೆ ಅಷ್ಟು ಸಾಕಾಯಿತು. ಭಟ್ಟರು ಮಾರನೇ ಬೆಳಿಗ್ಗೆ ಅದೇ ಹೋಟೆಲಿನಲ್ಲಿ ಇಡ್ಲಿ ಬೇಯಲು ಇಟ್ಟರು.

ಅಂಗಡಿಯ ಅಮ್ಮ

ನರಸಿಂಹರಾಜಪುರದ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದ ಹೆಂಗಸನ್ನು, ಬಸುರಿ ಎಂದು ಗೊತ್ತಾದ ಕೂಡಲೇ ಮಾಲೀಕರು ಕೆಲಸದಿಂದ ಬಿಡಿಸಿದರು. ನಾನು ನೋಟಿಸ್ ಕಳಿಸಿದೆ. ಓಡಿ ಬಂದದ್ದು ಮಾಲೀಕರ ತಾಯಿ.

"ನನ್ನ ಮಗನ ಮೇಲೆ ಸಾಕ್ಷಿ ನಾನೇ ಹೇಳ್ತೇನೆ ಮಾರಾಯ್ರೆ."

ಹಿಂದೆಯೇ ಬಂದ ಮಗ, "ಅಮ್ಮ, ಬಸುರಿಯನ್ನ ಇಟ್ಕೊಂಡ್ರೆ ಅಂಗಡಿಗೆ ನಷ್ಟ ಅಲ್ವಾ?" ಎಂದ.

"ನಿನ್ನನ್ನ ಹೊಟ್ಟೇಲಿ ಇಟ್ಕೊಂಡೇ ಅದೇ ಅಂಗಡೀಲಿ ನಾನು ಸೀರೆ ಮಾರಿದ್ದು. ಆವಾಗ ನಷ್ಟ ಅಂತ ಆಗಿದ್ದು ನೀನೊಬ್ಬನೇ!"

ಆ ಹೆಂಗಸಿಗೆ ಕೆಲಸವೂ ಉಳಿಯಿತು, ಹೆರಿಗೆಗೆ ಸಂಬಳದ ರಜೆಯೂ ಸಿಕ್ಕಿತು.

ಗದ್ದೆಯ ಸ್ಟಾಪು

ಕೊಪ್ಪದಿಂದ ಹೊರಡಬೇಕಿದ್ದ ಖಾಸಗಿ ಬಸ್ಸು. ಡ್ರೈವರು, "ಬ್ರೇಕ್ ಹಿಡೀತಿಲ್ಲ, ಜನ ತುಂಬಿಸ್ಕೊಂಡು ಹೋಗೋದಿಲ್ಲ" ಎಂದು ಪಟ್ಟು ಹಿಡಿದರು. "ಹಾಗಾದ್ರೆ ಇಳಿ. ಇನ್ನು ನಿನಗೆ ಕೆಲಸ ಇಲ್ಲ" ಎಂದು ಮಾಲೀಕರು ತಾವೇ ಸ್ಟೇರಿಂಗ್ ಹಿಡಿದರು. ಹರಿಹರಪುರದ ಹತ್ತಿರ ಇಳಿಜಾರಿನಲ್ಲಿ ಬಸ್ಸು ರಸ್ತೆ ಬಿಟ್ಟು ಗದ್ದೆಗಿಳಿದು ಕೆಸರಿನಲ್ಲಿ ಹೂತು ನಿಂತಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಲೇಬರ್ ಆಫೀಸರ್ ನಡೆಸಿದ ವಿಚಾರಣೆಯಲ್ಲಿ ಮಾಲೀಕರು ಎದೆಯುಬ್ಬಿಸಿ, "ಬ್ರೇಕ್ ಸರಿಯಾಗೇ ಇತ್ತು" ಎಂದರು.

"ಮತ್ತೆ ಬಸ್ಸು ಗದ್ದೇಲಿ ಯಾಕೆ ನಿಂತಿತು?" ಆಫೀಸರ್ ಕೇಳಿದರು.

"ನಾನೇ ನಿಲ್ಲಿಸಿದ್ದು ಸಾರ್."

"ಗದ್ದೇಲಾ? ಯಾಕೆ?"

"ಪ್ಯಾಸೆಂಜರ್ ಇಳೀಬೇಕು ಅಂದ್ರು."

ಅವತ್ತು ಮುಂದಿನ ಸೀಟಿನಲ್ಲೇ ಕೂತಿದ್ದ ಅಜ್ಜಿಯೊಬ್ಬರನ್ನು ನಾನು ಸಾಕ್ಷಿಗೆ ಕರೆದುಕೊಂಡು ಹೋಗಿದ್ದೆ. ಅವರು ನಿಧಾನಕ್ಕೆ ಎದ್ದು ನಿಂತರು.

"ಅವರು ಹೇಳಿದ್ದು ಹೌದು ಸಾರ್. ಬಸ್ಸು ಆ ಇಳಿಜಾರು ಹಿಡಿದ ಕೂಡಲೇ ನಮಗೆಲ್ಲ ಒಟ್ಟಿಗೇ ಇಳೀಬೇಕು ಅನ್ನಿಸ್ತು!"

ಕೊನೆಗೆ ಮಾಲೀಕರೂ ನಕ್ಕುಬಿಟ್ಟರು. ಡ್ರೈವರಿಗೆ ಕೆಲಸ, ಬಸ್ಸಿಗೆ ಹೊಸ ಬ್ರೇಕು, ಎರಡಕ್ಕೂ ಅಲ್ಲೇ ಒಪ್ಪಿದರು. ಅಜ್ಜಿ ಮಾತ್ರ ಡ್ರೈವರ್ ಕಡೆ ತಿರುಗಿ, "ನೀ ಸೀಟಲ್ಲಿ ಕೂತ ಮೇಲೇ ನಾ ಹತ್ತೋದು ಮಾರಾಯ" ಎಂದರು.